ಎರಡು ಬೆಲ್ಲಿನವನು

ಬಾಗಿಲ ಬೆಲ್ಲು ಮೂರು ಸಲ ಹೊಡೆದುಕೊಂಡಾಗ ಗ್ಲೇಬ್ ಫೊಮಿಚ್ ಮೊಟ್ಟೆ ಒಡೆಯುತ್ತಿದ್ದ. ಮೊಟ್ಟೆ ಬಾಣಲೆಗೆ ಬೀಳದೆ ಅವನ ಚಪ್ಪಲಿಯ ಮೇಲೆ ಬಿತ್ತು.

ಪೀಟರ್ಸ್‌ಬರ್ಗಿನ ಆ ಮನೆಗೆ ಬಾಗಿಲು ಒಂದು, ಅಡುಗೆಮನೆ ಒಂದು, ಬಿಡಾರ ಮೂರು. ಒಂದು ಬೆಲ್ಲಾದರೆ ಅಗಾಫ್ಯಮ್ಮನಿಗೆ, ಎರಡಾದರೆ ಗ್ಲೇಬ್‌ಗೆ, ಮೂರಾದರೆ ಸಾಹಿತಿ ಝೀಬಿನ್‌ಗೆ. ಝೀಬಿನ್ ಸತ್ತು ವರ್ಷವಾಗಿತ್ತು.

ಅಗಾಫ್ಯಮ್ಮ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ಹೋಗಿ ತೆಗಿ ಫೊಮಿಚ್. ಅವನೇ ಆಗಿದ್ರೆ, ಕಾಲು ಒರೆಸ್ಕೊಂಡು ಬಾ ಅನ್ನು."

ಅವನಲ್ಲ. ಕ್ಯಾಮೆರಾ, ಮೈಕು ಹೊತ್ತ ಇಬ್ಬರು ಗಂಡಸರು, ಅವರ ಮುಂದೆ ರೆಗೀನಾ ಎಂಬ ಹೆಂಗಸು. ಝೀಬಿನ್ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಗಡ್ಡ ಬಿಟ್ಟು, ನೌಕರಿ ಬಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಟೈಪು ಮಾಡಿ ಕಾರ್ಬನ್ ಪ್ರತಿ ಹಂಚಿದವನು ಅವನು. ಅರ್ಧ ಊರಿಗೆ ಪ್ರವಾದಿ, ಇನ್ನರ್ಧಕ್ಕೆ ಪೋಲಿ. ಅವನ ಪುಸ್ತಕಗಳನ್ನು ನಿಷೇಧಿಸಿದ್ದ ಸರ್ಕಾರವೇ ಈಗ ಇರಲಿಲ್ಲ.

"ಗುಪ್ತ ಪೊಲೀಸರ ಹಳೇ ಕಡತಗಳು ಈಗ ನೋಡೋಕೆ ಸಿಗ್ತಿವೆ," ಎಂದಳು ರೆಗೀನಾ. "ಈ ಮನೆಯಿಂದ ಗುಟ್ಟಾಗಿ ಹೋದ ವರದಿಗಳು ಸಿಕ್ಕಿವೆ. ನಿಮ್ಮ ಅಡುಗೆಮನೇಲೇ ಓದಿಸೋಣ ಅಂತ ಬಂದ್ವಿ."

ಗ್ಲೇಬ್ ಬಗ್ಗಿ ಚಪ್ಪಲಿಯ ಮೇಲಿನ ಮೊಟ್ಟೆ ಒರೆಸತೊಡಗಿದ. ಹನ್ನೊಂದು ವರ್ಷ, ತಿಂಗಳಿಗೊಂದರಂತೆ ಅವನು ವರದಿ ಬರೆದಿದ್ದ. ಝೀಬಿನ್ ಕೋಣೆಗೆ ಯಾರು ಬಂದರು, ಯಾವ ಮಂತ್ರಿಯನ್ನು ಯಾವ ಪ್ರಾಣಿಗೆ ಹೋಲಿಸಿ ನಕ್ಕರು, ಎಲ್ಲವನ್ನೂ. ಬರೆಯದಿದ್ದರೆ ಕೋಣೆ ಹೋಗುತ್ತದೆ ಎಂದು ಪೊಲೀಸರು ಹೆದರಿಸಿದ್ದರು. ಮೇಲಿನ ಮಹಡಿಯಲ್ಲಿ ಹೀಗೇ ವರದಿ ಬರೆದ ಒಬ್ಬನ ಗುಟ್ಟು ಹೊರಬಿದ್ದ ಮೇಲೆ ಅವನ ಸೂಪಿನಲ್ಲಿ ದಿನಾ ಸೋಪಿನ ಚೂರು ಸಿಗುತ್ತಿತ್ತು. ಮೆಟ್ಟಿಲಲ್ಲಿ ಎದುರಾದವರು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಅವನು ಊರು ಬಿಟ್ಟ. ಅರವತ್ತು ದಾಟಿದ ಗ್ಲೇಬ್ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಬ್ರೆಡ್ ತರುವ ನೆಪ ಹೇಳಿ ಅವನು ಕೋಟು ಹಾಕಿಕೊಂಡ. ಡಬ್ಬಿಯಲ್ಲಿ ಎರಡು ದಿನದ ಬ್ರೆಡ್ ಇದೆಯೆಂದು ಅಗಾಫ್ಯಮ್ಮ ಕೋಟು ಬಿಚ್ಚಿಸಿದಳು. ಅಷ್ಟೇ ಅಲ್ಲ, ಮೆಟ್ಟಿಲ ಬಳಿ ನಿಂತು ನಾಲ್ಕೂ ಮಹಡಿಗೆ ಕೂಗಿ ಕರೆದಳು. ಜನ ಮಣೆ, ಸ್ಟೂಲು, ಉಪ್ಪಿನ ಸೌತೆಕಾಯಿ ಹಿಡಿದು ಮದುವೆಮನೆಗೆ ಬಂದಂತೆ ಬಂದರು.

ರೆಗೀನಾ ಒಪ್ಪಿಗೆ ಪತ್ರ ಚಾಚಿ ಸಹಿ ಕೇಳಿದಳು. ವರದಿಯ ಅದೇ ಕೈಬರಹ! ಗ್ಲೇಬ್ ಪೆನ್ನನ್ನು ಎಡಗೈಗೆ ದಾಟಿಸಿ, ಕೋಳಿ ಕೆರೆದ ಹಾಗೆ ಏನೋ ಗೀಚಿದ.

"ಬಲಗೈಗೆ ಏನಾಯ್ತೋ ನಿಂಗೆ?" ಅಗಾಫ್ಯಮ್ಮನ ಕಣ್ಣು ಬಿಟ್ಟೀತೇ.

"ಉಳುಕಿದೆ."

"ಈಗ ತಾನೆ ಅದೇ ಕೈಯಲ್ಲಿ ಮೊಟ್ಟೆ ಒಡೆದೆಯಲ್ಲ."

"ಅದಕ್ಕೇ ಬಿದ್ದದ್ದು."

ದೀಪ ಹೊತ್ತಿಸಿದರು. ಆ ಬೆಳಕಿಗೆ ಗ್ಲೇಬ್ ಎಣ್ಣೆಗೆ ಹಾಕಿದ ಮೀನಿನಂತೆ ಬೆವರಿದ. ರೆಗೀನಾ ಕಡತ ಬಿಚ್ಚಿದಳು.

"ಇದರಲ್ಲಿ ಯಾರ ಹೆಸರೂ ಇಲ್ಲ. ಪುಟಪುಟದಲ್ಲೂ 'ಎರಡು ಬೆಲ್ಲಿನವನು' ಅಂತಿದೆ. ಯಾರದು?"

ಅಡುಗೆಮನೆಯ ತಲೆಗಳೆಲ್ಲ ಸೂರ್ಯಕಾಂತಿ ಹೂಗಳಂತೆ ಗ್ಲೇಬ್ ಕಡೆ ತಿರುಗಿದವು. ಸೌತೆಕಾಯಿ ಕಚ್ಚುವ ಸದ್ದೂ ನಿಂತಿತು. ಅವನಿಗೆ ಇನ್ನು ತಡೆಯಲಾಗಲಿಲ್ಲ.

"ನಾನೇ," ಎಂದ. "ನಾನೇ ಬರೆದದ್ದು. ಹನ್ನೊಂದು ವರ್ಷ ಝೀಬಿನ್ ಮೇಲೆ ವರದಿ ಕೊಟ್ಟೆ. ಹೆದರಿಸಿದ್ರು, ಬರೆದೆ. ಆಮೇಲಾಮೇಲೆ ಹೆದರಿಸದೇನೂ ಬರೆದೆ."

ರೆಗೀನಾ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು.

"ಗ್ಲೇಬ್ ಫೊಮಿಚ್, ಇದು ನೀವು ಬರೆದದ್ದಲ್ಲ. ನಿಮ್ಮ ಮೇಲೆ ಬರೆದದ್ದು. ಬರೆದವರು ಝೀಬಿನ್, ಕೈಬರಹ ಅವರದೇ." ಅವಳು ಒಂದು ಸಾಲು ಓದಿದಳು: "'ಎರಡು ಬೆಲ್ಲಿನವನು ಇವತ್ತು ರೇಡಿಯೋ ಭಾಷಣ ಕೇಳುತ್ತ ಆಕಳಿಸಿದ.' ಇಂಥಾ ಬಂಡಾಯಗಾರ ಪಕ್ಕದ ಕೋಣೆಯ ಪಾಪದವರ ಮೇಲೆ ಚಾಡಿ ಬರೀತಿದ್ರು ಅಂತ ತೋರಿಸಬೇಕು ಅಂತಿದ್ವಿ. ನೋಡಿದ ಜನ ಕಣ್ಣೀರಿಡೋರು. ನೀವು ಬರೆದ ಕಡತವೂ ಒಂದಿದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ."

ಗ್ಲೇಬ್ ಧ್ವನಿ ಹಿಡಿಯುವವನ ಮುಖ ನೋಡಿದ. ಈಗ ಹೇಳಿದ್ದನ್ನು ಅಳಿಸಲು ಆಗುವುದೇ ಎಂದು ಮೆಲ್ಲಗೆ ವಿಚಾರಿಸಿದ.

"ಅಯ್ಯೋ, ಯಾಕೆ ಯಜಮಾನ್ರೆ? ಒಂದಕ್ಷರ ತಪ್ಪದೆ ಬಂದಿದೆ. ಎಷ್ಟು ಸ್ಪಷ್ಟ ನಿಮ್ಮ ಮಾತು."

ರೆಗೀನಾ ಹಳೆಯ ಕಡತ ಮುಚ್ಚಿ ಹೊಸ ಹಾಳೆ ತೆಗೆದಳು. ಚಿತ್ರ ಈಗ ಎರಡು ಪಾಲು ಚೆನ್ನಾಗಿ ಬರುತ್ತದೆ, ತೆರೆಯ ಮೇಲೆ ಹಾಕಲು ಪೂರ್ತಿ ಹೆಸರು ಬೇಕು ಎಂದಳು. ಗ್ಲೇಬ್ ಮತ್ತೆ ಕೋಟಿಗೆ ಕೈ ಚಾಚಿದ.

ಅಗಾಫ್ಯಮ್ಮ ಸ್ಟೂಲನ್ನು ಕ್ಯಾಮೆರಾದ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು. ಅವನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಬೀದಿ, ಮಹಡಿ, ಎಲ್ಲವನ್ನೂ ಒಂದೊಂದೇ ಅಕ್ಷರ ಬಿಡಿಸಿ ಬರೆಸಿದಳು.