ಕಂಪನಿ ಫ್ಯಾನು ಬಿಚ್ಚಿದ ಪ್ರಸಂಗ

ಹೊಸ ಸಾಮಾನು ತಂದ ದಿನವೇ ಬಿಚ್ಚಿ ನೋಡದಿದ್ದರೆ ನಮ್ಮನೆಯವರಿಗೆ ಅನ್ನ ಸೇರುವುದಿಲ್ಲ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಅವರ ಕೆಲಸ. ಹೊಸಕೋಟೆಯ ಮನೆಗೆ ಬಂದರೆ ಅದೇ ಮನರಂಜನೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನನ್ನ ಹೊಲಿಗೆ ಮೆಷಿನ್ನು, ಯಾವುದೂ ಬಚಾವಾಗಿಲ್ಲ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ.

ಈ ಸಲದ್ದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರ್ ಆಟದ ಚಿತ್ರಗಳನ್ನು ಪರದೆ ಮೇಲೆ ಓಡಿಸುವುದು ಅದರ ಕೆಲಸವಂತೆ. ಕಂಪನಿ ಇಟ್ಟ ವೇಗ ಇವರಿಗೆ ಸಾಲದು, ಇನ್ನೂ ಜೋರಾಗಿ ಓಡಿಸಬೇಕು. ಜೋರಾಗಿ ಓಡಿದರೆ ಕಾರ್ಡು ಕಾಯುತ್ತದೆ. ಅದಕ್ಕೇ ಅದರ ಫ್ಯಾನು ಬಿಚ್ಚಿ ದೊಡ್ಡ ಕೂಲರ್ ಕೂರಿಸಬೇಕು.

"ಬಿಚ್ಚಿದ್ರೆ ವಾರಂಟಿ ಹೋಗಲ್ವೇನ್ರೀ?" ಎಂದೆ.

"ಗೊತ್ತಾದ್ರೆ ತಾನೆ ಹೋಗೋದು."

"ಇದು ಸುಟ್ಟುಹೋದ್ರೆ, ಮಗಳ ಎಸ್ಸೆಲ್ಸಿ ಮುಗಿಯೋವರ್ಗೂ ಇನ್ನೊಂದು ಕೇಳಂಗಿಲ್ಲ."

ಹುರುಪಿನಲ್ಲಿ ಒಪ್ಪಿಕೊಂಡರು. ಮಗಳು ಆಗ ಆರನೇ ಕ್ಲಾಸು.

ಸ್ಟಿಕ್ಕರು

ಫ್ಯಾನಿನ ಒಂದು ಸ್ಕ್ರೂ ಮೇಲೆ ವಾರಂಟಿ ಸ್ಟಿಕ್ಕರ್ ಅಂಟಿಸಿದ್ದರು. ಅದನ್ನು ಹರಿಯದ ಹಾಗೆ ಎಬ್ಬಿಸಲು ಬಿಸಿ ತಾಗಿಸಬೇಕು. ಭಾನುವಾರ ಬೆಳಗ್ಗೆ ಅತ್ತೆ ಇಡ್ಲಿ ಬೇಯಲು ಇಟ್ಟಿದ್ದರು. ಇವರು ಮುಚ್ಚಳ ತೆಗೆದು ಹಬೆಯಲ್ಲಿ ಚಮಚ ಕಾಯಿಸುವುದು, ಒರೆಸಿ ಸ್ಟಿಕ್ಕರಿಗೆ ಒತ್ತುವುದು, ಆರಿದರೆ ಮತ್ತೆ ಹೋಗಿ ಮುಚ್ಚಳ ತೆಗೆಯುವುದು. ಕೊನೆಗೆ ಸ್ಟಿಕ್ಕರ್ ಚೂರೂ ಹರಿಯದೆ ಎದ್ದು ಬಂತು. ಇಡ್ಲಿ ಮಾತ್ರ ಏಳಲಿಲ್ಲ.

"ಇಡ್ಲಿ ಯಾಕಮ್ಮಾ ಕಲ್ಲಾಗೈತೆ?" ಎಂದು ತಟ್ಟೆ ಮುಂದೆ ಕೂತು ಇವರೇ ಕೇಳಿದರು.

"ನಿನ್ ಚೀಟಿ ಚೆನ್ನಾಗಿ ಬೆಂದೈತಲ್ಲ ಮಗಾ," ಎಂದರು ಅತ್ತೆ, "ಅದನ್ನೇ ಚಟ್ನೀಲಿ ಅದ್ಕೊಂಡು ತಿನ್ನು."

ಪಾವು

ಹೊಸ ಕೂಲರ್ ಊಟದ ಕ್ಯಾರಿಯರ್‌ನಷ್ಟು ದಪ್ಪ. ಅದನ್ನು ಕೂರಿಸಿದ ಮೇಲೆ ಕಂಪ್ಯೂಟರ್ ಡಬ್ಬದ ಬಾಗಿಲು ಹಾಕಲು ಆಗಲಿಲ್ಲ. ಅದರ ಭಾರಕ್ಕೆ ಕಾರ್ಡು ಬೇರೆ ಬಾಗಿತು. ಇವರು ಅಡುಗೆಮನೆಯಿಂದ ಅಕ್ಕಿ ಅಳೆಯುವ ಪಾವು ತಂದು ಅಡಿಗೆ ಆನಿಸಿದರು. ಸರಿಯಾಗಿ ನಿಂತಿತು.

ಆದರೆ ದಿನಾ ಸಂಜೆ, ಇವರು ಆಟ ಹಚ್ಚಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ, ಪರದೆ ಕಪ್ಪು. ಬಂದು ನೋಡಿದರೆ ಎಲ್ಲಾ ಇದ್ದ ಹಾಗೇ ಇದೆ. ವೇಗ ಇಳಿಸಿದರು, ಸ್ಕ್ರೂ ಬಿಗಿ ಮಾಡಿದರು, ಬಿಸಿ ಎಳೆಯುವ ಪೇಸ್ಟನ್ನು ಕೆರೆದು ಹೊಸದಾಗಿ ಬಳಿದರು. ಊಟದಲ್ಲೂ ಅದೇ ಚಿಂತೆ. ಪಾಪ ಅನ್ನಿಸಿ ನಾನೇ ಒಂದು ಸಂಜೆ ಕಾವಲು ಕೂತೆ.

ಅತ್ತೆ ಬಂದರು. ಪಾವು ಎಳೆದುಕೊಂಡು ಹೋಗಿ ಅಕ್ಕಿ ಅಳೆದರು. ಸೆರಗಿನಲ್ಲಿ ಒರೆಸಿ, ತಂದು ಅದೇ ಜಾಗದಲ್ಲಿ ನಿಲ್ಲಿಸಿದರು.

ಸ್ನಾನ ಮುಗಿಸಿ ಬಂದವರಿಗೆ ವಿಷಯ ಹೇಳಿದೆ. ಟವೆಲ್ಲಿನಲ್ಲೇ ಅಡುಗೆಮನೆಗೆ ಓಡಿದರು.

"ಕೂಗಾಡ್ಬೇಡ," ಎಂದರು ಅತ್ತೆ. "ದಿನಾ ವಾಪಸ್ ತಂದಿಡ್ತಾ ಇಲ್ವಾ? ನೀನು ನನ್ನ ಪಾವು ಎತ್ಕೊಂಡೋದಾಗ ಒಂದ್ ಮಾತು ಕೇಳಿದ್ಯಾ?"

ಚುಕ್ಕಿ

ದೊಡ್ಡ ಕೂಲರಿನ ಗಾಳಿ ಕಾರ್ಡಿನ ನಡುವಿನ ದೊಡ್ಡ ಚಿಪ್‌ಗೆ ಮಾತ್ರ. ಸುತ್ತಲಿನ ಸಣ್ಣ ಚಿಪ್‌ಗಳಿಗೆ ಮುಂಚೆ ಕಂಪನಿ ಫ್ಯಾನಿನಿಂದ ಬರುತ್ತಿದ್ದ ಗಾಳಿಯೂ ಈಗ ನಿಂತಿತ್ತು. ಇದು ಇವರಿಗೆ ಹೊಳೆದಾಗ ತಡವಾಗಿತ್ತು. ಒಂದು ದಿನ ಪರದೆ ತುಂಬ ಬಣ್ಣಬಣ್ಣದ ಚುಕ್ಕಿ ಮೂಡಿ, ಸಾಲುಗಟ್ಟಿ ಹರಡಿತು. ಇವರು ತಲೆ ಮೇಲೆ ಕೈ ಹೊತ್ತು ಕೂತರು. ಅತ್ತೆ ಹಿಂದೆ ನಿಂತು ನೋಡಿದರು.

"ಇದು ಚೆನ್ನಾಗೈತೆ ಕಣೋ. ದಿನಾ ಆ ಹೊಡೆದಾಟ ನೋಡೋ ಬದ್ಲು ಇದನ್ನೇ ಹಾಕ್ಕೋ."

ಸರ್ವಿಸ್ ಸೆಂಟರು

ಕಾರ್ಡು ಸತ್ತಿತು. ವಾರಂಟಿಯಲ್ಲಿ ಬೇರೆಯದು ಸಿಕ್ಕರೆ ಸರಿ, ಇಲ್ಲದಿದ್ದರೆ ಇವರ ಆಟ ಎಸ್ಸೆಲ್ಸಿವರೆಗೆ ಬಂದ್. ಹಳೆ ಫ್ಯಾನು ಕೂರಿಸಿ, ಸ್ಟಿಕ್ಕರ್ ಅಂಟಿಸಿ, ಬೆಂಗಳೂರಿಗೆ ಹೊರಟರು. ಅತ್ತೆಯ ಕಣ್ಣಿನ ಡಾಕ್ಟರೂ ಅದೇ ರಸ್ತೆಯಲ್ಲಿ ಇದ್ದುದರಿಂದ ನಾವಿಬ್ಬರೂ ಜೊತೆಗೆ ಹೋದೆವು.

ಕೌಂಟರಿನ ಹುಡುಗ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಸ್ಕ್ರೂ ತಲೆ ಸವೆದಿದೆಯಲ್ಲ ಸಾರ್. ಬಿಚ್ಚಿದ್ರಾ?"

"ಅಯ್ಯೋ, ಬಂದಾಗ್ಲೇ ಹಂಗಿತ್ತು," ಎಂದರು ಇವರು. "ನಂಗೆ ಸ್ಕ್ರೂಡ್ರೈವರ್ ಹಿಡಿಯೋಕೂ ಬರಲ್ಲ."

ನಾನು ನೆಲ ನೋಡಿದೆ. ಹುಡುಗ ಸ್ವಲ್ಪ ಯೋಚಿಸಿ, "ಫ್ಯಾಕ್ಟ್ರೀಲೇ ಆಗಿರ್ಬೇಕು ಬಿಡಿ. ಬೇರೆ ಕಾರ್ಡಿಗೆ ಬರ್ಕೋತೀನಿ," ಎಂದು ಟೈಪ್ ಮಾಡತೊಡಗಿದ. ಇವರ ಮುಖದಲ್ಲಿ ಕಳೆ ಬಂತು.

ಅತ್ತೆಗೆ ತಡೆಯಲಾಗಲಿಲ್ಲ.

"ನೋಡಪ್ಪಾ, ನನ್ ಮಗ ಸಂಕೋಚದೋನು, ತನ್ನ ದೊಡ್ಡಸ್ತಿಕೆ ತಾನು ಹೇಳ್ಕೊಳಲ್ಲ. ನಿಮ್ ಫ್ಯಾನು ಸಾಲ್ದು ಅಂತ ಬಿಚ್ಚಿ ಬಿಸಾಕಿ, ಇಷ್ಟು ದಪ್ಪದ್ದು ಅವನೇ ಕೂರಿಸಿದ್ದ. ನಿನ್ನೆ ಮತ್ತೆ ನಿಮ್ದೇ ಹಾಕಿ, ಚೀಟೀನೂ ಅಂಟಿಸವ್ನೆ. ನೀನೇ ನೋಡು, ಒಂಚೂರಾದ್ರೂ ಗೊತ್ತಾಯ್ತದಾ?"

ಹುಡುಗ ಕೀಬೋರ್ಡಿನಿಂದ ಕೈ ತೆಗೆದ. ಕಾರ್ಡನ್ನು ಬಟ್ಟೆಯಲ್ಲಿ ಒರೆಸಿ, ಬಹಳ ಮರ್ಯಾದೆಯಿಂದ ಇವರ ಕೈಗೇ ಕೊಟ್ಟ.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಕಿಟಕಿ ಕಡೆ ತಿರುಗಿದವರು ಈ ಕಡೆ ನೋಡಲಿಲ್ಲ. ನನಗೆ ನಗುವೂ ತಡೆಯಲಾಗುತ್ತಿರಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು. ಅತ್ತೆಗೆ ಬೇಜಾರಾಯಿತು.

"ಸ್ಕ್ರೂಡ್ರೈವರ್ ಹಿಡಿಯೋಕೆ ಬರಲ್ಲ ಅಂತ ಜನದ ಮುಂದೆ ಹೇಳ್ಕೋತೀಯ. ನಾನು ಇದ್ದಿದ್ದಕ್ಕೆ ನಿನ್ ಮಾನ ಉಳೀತು. ಮುಖ ಬೇರೆ ಊದಿಸ್ಕೊಂಡು ಕೂತವ್ನೆ."