ಹನ್ನೆರಡು ನಿಮಿಷ ಮುಂದಿದ್ದ ಗಡಿಯಾರ

ಬೇಸಿಗೆ ಆಗತಾನೇ ಕಣ್ಣುಬಿಟ್ಟಿತ್ತು. ಸೋಮವಾರ, ಬೆಳಗಿನ ಆರು ಗಂಟೆ. ಗಡಿಯಾರ ರಿಪೇರಿಯವನು ಏಣಿ ಹತ್ತಿ, ಸ್ಟೇಷನ್ ಗೋಪುರದ ಗಡಿಯಾರದ ಮುಳ್ಳನ್ನು ಹನ್ನೆರಡು ನಿಮಿಷ ಹಿಂದಕ್ಕೆ ತಳ್ಳಿದ. ತೊಂದರೆ ಶುರುವಾದದ್ದು ಅಲ್ಲಿಂದ.

ನಲವತ್ತು ವರ್ಷದಿಂದ ಆ ಗಡಿಯಾರ ಹನ್ನೆರಡು ನಿಮಿಷ ಮುಂದೆಯೇ ಓಡುತ್ತಿತ್ತು. ಸದಾ ತಡಮಾಡುವ ಹೆಂಡತಿಗೆ ರೈಲು ಸಿಗಲೆಂದು ಹಳೆಯ ಸ್ಟೇಷನ್ ಮಾಸ್ತರರು ತಿರುಗಿಸಿಟ್ಟದ್ದು. ಅವರು ಹೋದರು, ಅಭ್ಯಾಸ ಉಳಿಯಿತು. ಊರಿನವರೆಲ್ಲ ಗೋಪುರ ನೋಡಿ, ಹನ್ನೆರಡು ಕಳೆದು, ಕಡೆಯ ಗಳಿಗೆಯಲ್ಲಿ ಓಡಿಬಂದು ಡಬ್ಬಿಗೆ ಹಾರುವವರೇ. ಈಗ ಊರು ಚಿಗುರಲೆಂದು ಸ್ಟೇಷನ್ನನ್ನು ಹೊಸದಾಗಿ ಕಟ್ಟಿಸಿ, ಪ್ಲಾಟ್‌ಫಾರಮ್ಮಿನುದ್ದಕ್ಕೂ ಅಂಗಡಿ ಸಾಲು ಹಾಕಿಸಿದ್ದರು. ನಿಲ್ಲುವವರೇ ಇಲ್ಲದೆ ಅಂಗಡಿಯವರು ನೊಣ ಹೊಡೆಯುತ್ತಾ ಕೂತಿದ್ದರು.

“ಗಡಿಯಾರ ಸರಿಮಾಡು. ಸೋಮವಾರ ಬಂದು ನೋಡ್ತೀನಿ. ಸರಿಯಿದ್ರೆ ಮೂಲೆ ಅಂಗಡಿ ನಿನಗೇ” ಎಂದಿದ್ದರು ಕಟ್ಟಿಸಿದ ಸಾಹೇಬರು.

ರಿಪೇರಿಯವನಿಗೆ ಒಂದು ಮೇಜಿನಷ್ಟು ಜಾಗ ಸಿಕ್ಕರೆ ಸಾಕಿತ್ತು. ನಾಲ್ಕು ದಿನಕ್ಕೆಂದು ಬಂದ ಭಾವಮೈದುನ ಐವತ್ತು ದಿನದಿಂದ ಅವನ ರಿಪೇರಿ ಮೇಜಿನ ಮೇಲೆಯೇ ಮಲಗುತ್ತಿದ್ದ. “ಭಾವ, ಈ ಮೇಜು ನನ್ನ ಸೊಂಟಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ!” ಅಂತೂ ಇವತ್ತು ಹತ್ತರ ರೈಲಿಗೆ ಹೊರಡುವವನಿದ್ದ.

ಹತ್ತಕ್ಕೆ ರೈಲು ಬಂತು, ಸಾಹೇಬರನ್ನು ಇಳಿಸಿತು, ಹೋಯಿತು. ಅವರು ಮಾಸ್ತರರ ಕೋಣೆಗೆ ಹೋದರು. ಹತ್ತು ಗಂಟೆ ಹತ್ತು ನಿಮಿಷಕ್ಕೆ, ಗೂಡಿಗೆ ಕೋಲು ಹಾಕಿದ ಜೇನಿನಂತೆ ಊರೇ ನುಗ್ಗಿತು. ಎಲ್ಲರ ಮುಂದೆ ಟ್ರಂಕು ಹೊತ್ತ ಭಾವಮೈದುನ.

“ರೈಲೆಲ್ಲಯ್ಯ?” ಎಂದಳು ಪಕ್ಕದ ಮನೆಯ ದರ್ಜಿಯಮ್ಮ, ಕೊರಳಲ್ಲಿ ಟೇಪಿನ ಸಮೇತ.

“ಹೋಯ್ತು” ಎಂದ ಏಣಿಯ ಪಕ್ಕ ನಿಂತಿದ್ದ ರಿಪೇರಿಯವನು.

“ಹೋಯ್ತಾ? ಇನ್ನೂ ಎರಡು ನಿಮಿಷ ಇದೆಯಲ್ಲ!”

“ಗಡಿಯಾರ ಸರಿಮಾಡಿದೀನಿ ಕಣಮ್ಮ.”

“ಸರಿಯಾಗಿದ್ದ ಗಡಿಯಾರಾನ ಯಾಕಯ್ಯ ಸರಿಮಾಡೋಕೆ ಹೋದೆ? ಹತ್ತು ಏಣಿ!”

ಹತ್ತಿದ. ಕೆಳಗಿನಿಂದ ಇಪ್ಪತ್ತು ಬಾಯಿ: “ಇನ್ನೂ ಮುಂದೆ! ಸಾಕು! ಅಯ್ಯೋ, ಜಾಸ್ತಿ ಆಯ್ತು!” ಮುಳ್ಳು ಮತ್ತೆ ಹನ್ನೆರಡು ನಿಮಿಷ ಮುಂದಕ್ಕೆ ಹೋಗುವುದಕ್ಕೂ ಸಾಹೇಬರು ಕೋಣೆಯಿಂದ ಹೊರಬರುವುದಕ್ಕೂ ಸರಿಹೋಯಿತು. ತಮ್ಮ ಕೈಗಡಿಯಾರ ನೋಡಿಕೊಂಡರು, ಗೋಪುರ ನೋಡಿದರು, ಏಣಿ ಮೇಲಿದ್ದವನನ್ನು ನೋಡಿದರು.

“ಸರಿಮಾಡೋದು ಅಂದ್ರೆ ಇದಾ?”

ಮುಂದಿನ ರೈಲು ಒಂದು ಗಂಟೆಗೆ. ಭಾವಮೈದುನ ಮಾತ್ರ ನಿಶ್ಚಿಂತೆಯಿಂದ ಮೂಲೆ ಅಂಗಡಿಯ ಮುಂದೆ ಟ್ರಂಕು ಇಳಿಸಿ ಅದರ ಮೇಲೆ ಕೂತ. ಕೆಲಸವಿಲ್ಲದೆ ಕೂರುವುದರಲ್ಲಿ ಅವನಷ್ಟು ಪಳಗಿದವರು ಆ ಊರಲ್ಲಿರಲಿಲ್ಲ. ಬೇರೆಯವರನ್ನು ಕೂರಿಸುವುದೂ ಅವನಿಗೇ ಬಂತು.

“ಬನ್ನಿ ಅಜ್ಜ, ಕಾಲು ಚಾಚಿ. ಅಣ್ಣಾ, ಇವರಿಗೊಂದು ಚಹಾ! ದರ್ಜಿಯಕ್ಕ, ಆ ಯಜಮಾನರ ಗುಂಡಿ ಕಿತ್ತೋಗಿದೆ ನೋಡು!”

ಒಂದರ ರೈಲು ಬರುವುದರೊಳಗೆ ಚಹಾದವನ ಹಾಲು ಮುಗಿದಿತ್ತು, ಬಳೆಯಂಗಡಿ ಬರಿದಾಗಿತ್ತು. ಸಾಹೇಬರ ಮುಖ ಅರಳಿತು. “ಇದಕ್ಕೇ ಅಲ್ವಾ ಸ್ಟೇಷನ್ ಕಟ್ಟಿಸಿದ್ದು! ಮೂಲೆ ಅಂಗಡಿ...” ರಿಪೇರಿಯವನು ಕೈ ಒರೆಸಿಕೊಂಡು ಮುಂದೆ ಬಂದ. “...ಈ ಟ್ರಂಕಿನವರಿಗೆ! ನೀವು ಊರು ಬಿಟ್ಟು ಹೋಗಕೂಡದು. ಉಳಿಯೋಕೆ ಮನೆ ಇದೆಯೇನ್ರಿ?”

“ಭಾವನ ಮನೆ ಇದೆಯಲ್ಲ, ಸ್ವಾಮಿ!”

ಸಾಹೇಬರು ಆ ಸೋಮವಾರವೇ ಒಂದರ ರೈಲಿಗೆ ಹೊರಟರು. ರಿಪೇರಿಯವನ ಮನೆಯಿಂದ ಹೊರಟದ್ದು ಮೇಜೊಂದೇ, ಬುಧವಾರ. ಮಧ್ಯಾಹ್ನ ಅಂಗಡಿಯಲ್ಲಿ ಒರಗಲು ಭಾವಮೈದುನನಿಗೆ ಬೇಕಿತ್ತಂತೆ. ರಾತ್ರಿಗೆ ಹೇಗೂ ಭಾವನ ಮಂಚವಿತ್ತು.