ಚಿಕ್ಕಮುನಿಯಪ್ಪನ ಎರಡನೆಯ ಮೋಟರು

ಮೇಟೂರು ಅಣೆಯ ನೀರು ಏರಿದ ಮೇಲೆ ಚಿಕ್ಕಮುನಿಯಪ್ಪನಿಗೆ ಎರಡು ದುಃಖಗಳು ಉಳಿದವು. ಊರು ಮುಳುಗಿದ್ದು ಒಂದು. ಹೆಂಡತಿ ಮುತ್ಯಾಲಮ್ಮ ಅವನ ದೋಣಿಯ ಮೋಟರನ್ನು ಮೋಟರೆಂದು ಕರೆಯದೆ ‘ನನ್ನ ಸವತಿ’ ಎಂದು ಕರೆಯುತ್ತಿದ್ದುದು ಇನ್ನೊಂದು. ಮೊದಲನೆಯದನ್ನು ಸರ್ಕಾರಕ್ಕೆ ಹೇಳಿಕೊಳ್ಳಬಹುದಿತ್ತು. (ಎಲ್ಲರೂ ಹೇಳಿಕೊಂಡರು, ನೀರು ಇಳಿಯಲಿಲ್ಲ.) ಎರಡನೆಯದನ್ನು ಯಾರ ಮುಂದೆ ಹೇಳುವುದು?

ಅವನು ಹುಟ್ಟಾ ಅಂಬಿಗ. ಕಾವೇರಿ ಹೊಳೆಯಾಗಿದ್ದಾಗ ಬಿದಿರಿನ ಗಳು ಊರಿ ಜನರನ್ನು ದಾಟಿಸುತ್ತಿದ್ದ. ಹೊಳೆ ಸಮುದ್ರವಾದ ಮೇಲೆ ಗಳು ಇಳಿಬಿಟ್ಟರೆ ತಳವೇ ಸಿಗದು. ಆಗ ಅಣೆಯ ಕೆಲಸ ಮುಗಿಸಿ ಹೊರಟಿದ್ದ ಒಬ್ಬ ಕಂಟ್ರಾಕ್ಟರು ಬಿಟ್ಟುಹೋದ ಹಳೆಯ ದೋಣಿಯೊಂದು, ಹಿಂಬದಿಗೆ ಬಿಗಿದ ಮುದಿ ಮೋಟರಿನ ಸಮೇತ, ಅವನ ಪಾಲಿಗೆ ಬಂತು. ಹಗ್ಗ ಸುತ್ತಿ ಎಳೆದರೆ ಅದು ‘ಬಡಬಡ’ ಎನ್ನುತ್ತಿತ್ತು, ಎಳೆದವನ ಎದೆಯೂ ಹಾಗೆಯೇ ಎನ್ನುತ್ತಿತ್ತು. ಜನ ಅವನನ್ನು ‘ಮೋಟರ್ ಮುನಿಯಪ್ಪ’ ಎಂದರು. ಊರು ಕಳೆದುಕೊಂಡವನಿಗೆ ಬಿರುದಾದರೂ ದಕ್ಕಿತಲ್ಲ ಎಂದು ಅವನು ಮೀಸೆ ತಿರುವಿದ. ಆದರೆ ಆಷಾಢದ ಗಾಳಿ ಏಳುವ ಆಡಿ ತಿಂಗಳ ಮೊದಲಲ್ಲಿ ಮೋಟರು ಮೂರು ಸಲ ಕೆಮ್ಮಿ, ಹೊಗೆ ಕಾರಿ, ಕಣ್ಣು ಮುಚ್ಚಿತು. ಚಿಕ್ಕಮುನಿಯಪ್ಪ ಆ ದಿನ ಮುದ್ದೆ ಮುಟ್ಟಲಿಲ್ಲ. ಸವತಿಯ ಸೂತಕ ತನಗೂ ಉಂಟೇ ಎಂದು ಮುತ್ಯಾಲಮ್ಮ ವಿಚಾರಿಸಿದಳು.

ಅದೇ ವಾರ ಮೇಚೇರಿ ಸಂತೆಗೆ ಬಂದವರು ಒಂದು ಸುದ್ದಿ ತಂದರು. ಮುತ್ಯಾಲಮ್ಮನ ಅಕ್ಕ ಕುಪ್ಪಮ್ಮ ಹಾಸಿಗೆ ಹಿಡಿದಿದ್ದಾಳೆ, ಗಂಜಿಯನ್ನೂ ಒಲ್ಲೆ ಎನ್ನುತ್ತಾಳೆ. ಊರು ಬಿಟ್ಟು ಏಳುವಾಗ ಕುಪ್ಪಮ್ಮ ಮಗ ಎಲ್ಲಪ್ಪನೊಡನೆ ಆಚೆ ದಡಕ್ಕೆ ಹೋಗಿದ್ದಳು, ಇವರು ಈಚೆ ದಡಕ್ಕೆ ಬಂದಿದ್ದರು. ನಡುವೆ ಈಗ ಕಣ್ಣು ಹರಿಯುವಷ್ಟೂ ನೀರು.

ಹುಟ್ಟು ಹಾಕಿಕೊಂಡು ಈಗಲೇ ಹೋಗೋಣ ಎಂದು ಮುತ್ಯಾಲಮ್ಮ ಸೆರಗು ಬಿಗಿದಳು. ಆಡಿ ತಿಂಗಳ ಎದುರುಗಾಳಿಗೆ ಹುಟ್ಟು ಹಾಕಿದರೆ ಯಮಲೋಕವೇ ಹತ್ತಿರದ ದಡ ಎಂದು ಗಂಡ ವಾದಿಸಿದ. ಮಾತು ಸುಳ್ಳೂ ಅಲ್ಲ. ಆದರೆ ಅವನ ಮನಸ್ಸಿನಲ್ಲಿ ಗಾಳಿಗಿಂತ ದೊಡ್ಡದೊಂದಿತ್ತು: ಹೆಂಡತಿಯ ಅಕ್ಕನ ಊರಿಗೆ ‘ಮೋಟರ್ ಮುನಿಯಪ್ಪ’ ಹುಟ್ಟು ಹಾಕುತ್ತ ಹೋಗುವುದುಂಟೇ?

ಅವನು ಸೇಲಂಗೆ ಓಡಿದ. ಅಲ್ಲಿ ಹಳೆ ಕಬ್ಬಿಣದ ವ್ಯಾಪಾರಿ ವೆಂಕಟಾಚಲಂ ಬಳಿ ಎಂದೋ ಹರಾಜಿನಲ್ಲಿ ಕೊಂಡ ದೋಣಿ ಮೋಟರೊಂದಿತ್ತು. ಅದರಿಂದ ಬಾವಿಯ ನೀರೆತ್ತಲು ಹೋಗಿ ಅವನು ಸೋತಿದ್ದ. ‘ನಲ್ಲ ಕುದಿರೆ ಮಾದಿರಿ ಓಡುಂ’, ಒಳ್ಳೆ ಕುದುರೆಯ ಹಾಗೆ ಓಡುತ್ತದೆ, ಎಂದು ಹೊಗಳಿದ. ಕುದುರೆಯ ಬೆಲೆಗೆ ಮುತ್ಯಾಲಮ್ಮನ ಹಾಲು ಕರೆಯುವ ಮೇಕೆಯೂ ಅದರ ಮರಿಗಳೂ ಹೋದವು, ಮನೆಯಲ್ಲಿ ಕುರಿಗಳು ಮಾತ್ರ ಉಳಿದವು. ಗಾಡಿಯಲ್ಲಿ ಹೇರಿ ತಂದ ಮೋಟರನ್ನು ಅವಳು ಸುತ್ತು ಹಾಕಿ ನೋಡಿದಳು. ಹಳೆಯದಕ್ಕಿಂತ ಇಮ್ಮಡಿ ದಪ್ಪ.

“ದೋಣಿ ಹಿಂದ್ಲ ಹಲಗೆ ಕಳಿತ ಬಾಳೆಹಣ್ಣು ಇದ್ದಂಗೈತೆ. ಇದನ್ನ ಎಂಗೆ ತಡೀತೈತೆ?”

“ಮೋಟ್ರು ವಿಷ್ಯ ನಿಂಗೇನ್ ಗೊತ್ತು? ಸುಮ್ನೆ ಕೂತ್ಕೊ ಓಗು,” ಎಂದು ಅವನು ಬೋಲ್ಟು ಬಿಗಿದ.

ಮರುದಿನ ಬೆಳಗ್ಗೆ ಗಾಳಿ ಏಳುವ ಮುಂಚೆ ಹೊರಟರು. ಹುಟ್ಟುಗಳನ್ನು ಅವನು ಬೇಕೆಂದೇ ಮನೆಯಲ್ಲಿ ಬಿಟ್ಟ. (ಆನೆ ಏರಿದವನು ಊರುಗೋಲು ಹಿಡಿಯುವನೇ?) ಮೋಟರು ಗುಡುಗಿತು, ದೋಣಿ ಮೂಗೆತ್ತಿ ಹಾರಿತು, ಚಿಕ್ಕಮುನಿಯಪ್ಪನ ರುಮಾಲು ಬಿಚ್ಚಿ ಧ್ವಜದಂತೆ ಹಾರಾಡಿತು. ಆಚೆ ದಡದ ಗುಡಿಸಲುಗಳು ಕಾಣತೊಡಗಿದಾಗ, ದಡದ ಜನ ಕಣ್ಣಾರೆ ನೋಡಲಿ ಎಂದು ಅವನು ಮೋಟರನ್ನು ಪೂರಾ ವೇಗಕ್ಕೆ ಬಿಟ್ಟ. ‘ಚರ್’ ಎಂದು ಏನೋ ಹರಿಯಿತು. ದೋಣಿ ನಿಂತಿತು. ಮೋಟರು ಮಾತ್ರ ನಿಲ್ಲದೆ, ಹಿಂಬದಿಯ ಹಲಗೆಯ ಅರ್ಧವನ್ನು ಅಪ್ಪಿಕೊಂಡು, ಬಡಬಡಿಸುತ್ತಲೇ ನೀರಿಗಿಳಿದುಹೋಯಿತು. ಒಂದಷ್ಟು ಗುಳ್ಳೆ ಬಂದವು, ಅಷ್ಟೇ.

ಹರಿದ ಕಂಡಿಯಿಂದ ನೀರು ನುಗ್ಗಿತು. ಮುತ್ಯಾಲಮ್ಮ ತನ್ನ ಸೀರೆಯ ಗಂಟನ್ನು ಅಲ್ಲಿ ತುರುಕಿ, ಕೂರುವ ಹಲಗೆ ಎರಡನ್ನು ಕಿತ್ತು, ಹುಟ್ಟಿಗೆ ಬದಲಾಗಿ ಒಂದನ್ನು ಗಂಡನ ಕೈಗಿಟ್ಟಳು. ಆಮೇಲೆ ಬಾಯಿ ತೆರೆದಳು. ಮೇಕೆಯಿಂದ ಶುರುವಾಯಿತು. ಮದುವೆಯಲ್ಲಿ ಅವನು ಮರೆತ ಕಾಲುಂಗುರ, ಅವನಮ್ಮನ ನಾಲಗೆ, ಅವನ ಗೊರಕೆ, ಗೊರಕೆಗೂ ಮೋಟರಿಗೂ ಇರುವ ಸಂಬಂಧ, ಎಲ್ಲ ಬಂದವು. ಅವನೂ ಬಿಡಲಿಲ್ಲ. ಅವಳ ಸಾರಿನ ಉಪ್ಪಿನಿಂದ ಹಿಡಿದು ಅವಳ ತವರಿನವರ ಜಿಪುಣತನದವರೆಗೆ ಬಂದ. ಇಬ್ಬರೂ ಬೈದುಕೊಳ್ಳುತ್ತಲೇ ಹಲಗೆ ಹಾಕಿದರು, ಹಲಗೆ ಹಾಕುತ್ತಲೇ ಬೈದುಕೊಂಡರು.

ದಡ ಮುಟ್ಟಿದಾಗ ಅಲ್ಲಿ ಇಡೀ ಊರು ನೆರೆದಿತ್ತು. ನಿಂತ ನೀರಿನ ಮೇಲೆ ಮಾತು ಎಷ್ಟು ದೂರ ಹೋಗುತ್ತದೆಂದು ಹುಟ್ಟಾ ಅಂಬಿಗನಿಗೆ ಅಂದು ನೆನಪಾಗಿರಲಿಲ್ಲ. ಕಾಲುಂಗುರದ ವಿಷಯ ಮಕ್ಕಳಿಗೂ ತಿಳಿದಿತ್ತು. ಗುಂಪಿನ ಮುಂದೆ ಒಂದು ಹಗ್ಗದ ಮಂಚ. ಮೋಟರಿನ ಸದ್ದು ಕೇಳಿ ಎಲ್ಲಪ್ಪ ತಾಯಿಯನ್ನು ಮಂಚದ ಸಮೇತ ದಡಕ್ಕೆ ಹೊರಿಸಿ ತಂದಿದ್ದ.

ಕುಪ್ಪಮ್ಮ ಎಲುಬಿನ ಗೂಡಾಗಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಮುತ್ಯಾಲಮ್ಮ ಓಡಿ ಹತ್ತಿರ ಕೂತಳು. ಅಕ್ಕ ನಗುತ್ತಿದ್ದಳು.

“ಮುಳುಗಿದೂರಲ್ಲಿ ನಂಗೂ ನಿಂಗೂ ಒಂದೇ ಗೋಡೆ. ದಿನಾ ನಿಮ್ಮಿಬ್ರ ಜಗಳ ಕೇಳ್ಕೊಂಡೇ ನಿದ್ದೆ ಓಗ್ತಿದ್ದೆ,” ಎಂದಳು ಉಸಿರು ಹಿಡಿದು. “ಇಲ್ಲಿಗ್ ಬಂದ್ಮೇಲೆ ನಿದ್ದೇನೇ ಇಲ್ಲ, ತಂಗೀ. ಸ್ವಲ್ಪ ಗಂಜಿ ಕೊಡು.”

ಎಲ್ಲಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಆ ಮೇಲೆ ಕೆಲವು ದಿನ ಗಂಡ ಹೆಂಡತಿ ಅಲ್ಲೇ ಉಳಿದರು. ಸಂಜೆಯಾದರೆ ಮುತ್ಯಾಲಮ್ಮ ಏನಾದರೊಂದು ನೆವ ತೆಗೆಯುವಳು, ಚಿಕ್ಕಮುನಿಯಪ್ಪ ಮಂಚದ ಆಚೆ ನಿಂತು ಉತ್ತರ ಕೊಡುವನು. ಯಾರದು ತಪ್ಪೆಂದು ಕುಪ್ಪಮ್ಮ ತೀರ್ಪು ಹೇಳುವಳು. ತಪ್ಪು ಪ್ರತಿ ಸಲವೂ ಅವನದೇ ಆಗುತ್ತಿತ್ತು, ಅವನು ಒಪ್ಪಿಕೊಳ್ಳುತ್ತಿದ್ದ. ಒಂದು ಸಂಜೆ ತೀರ್ಪು ಬರಲಿಲ್ಲ. ಹಣೆ ಮುಟ್ಟಿದರೆ ತಣ್ಣಗಿತ್ತು.

ಮಣ್ಣು ಮಾಡಿ, ಕಾರ್ಯ ಮುಗಿಸಿ, ದೋಣಿಯ ಕಂಡಿಗೆ ಹಲಗೆ ಹೊಡೆದು, ಎಲ್ಲಪ್ಪ ಕೊಟ್ಟ ಹುಟ್ಟುಗಳೊಂದಿಗೆ ಇಬ್ಬರೂ ಹಿಂದಿರುಗಿದರು. ನಡುನೀರಿಗೆ ಬಂದರೂ ಮುತ್ಯಾಲಮ್ಮ ಒಂದು ಮಾತೂ ಆಡಲಿಲ್ಲ. ಆ ಮೌನ ಚಿಕ್ಕಮುನಿಯಪ್ಪನಿಗೆ ತಡೆಯದಾಯಿತು. ಅವಳನ್ನು ಹೇಗಾದರೂ ಕೆರಳಿಸಬೇಕೆಂದು, ಆಚೆ ದಡಕ್ಕೂ ಕೇಳುವಂತೆ ದೊಡ್ಡ ದನಿಯಲ್ಲಿ, ಮನೆಯಲ್ಲಿ ಉಳಿದ ಕುರಿಗಳನ್ನೂ ಮಾರಿ ಇನ್ನೊಂದು ಮೋಟರು ತರುತ್ತೇನೆ ಎಂದ.

ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

“ತತ್ತಾ,” ಎಂದಳು. “ಕೂಗ್ಬೇಡ ಮಾತ್ರ. ಇನ್ನು ಕೇಳೋರು ಯಾರವ್ರೆ ಅಲ್ಲಿ.”